ಹೊಳೆಗೊಂದು ಸ್ವಿಚ್ಚು

ನಡುಮನೆಯ ದಿವಾನದ ಅಂಚಿನಲ್ಲಿ ಅರ್ಧ ಆಸನವನ್ನಷ್ಟೇ ಊರಿ, ಸುತ್ತಿಟ್ಟ ಹಾಸಿಗೆಯ ಅಡಿಗೆ ಕಾಲ್ಬೆರಳು ತುರುಕಿ, ಜೇಡರಬಲೆ ಹೊಡೆಯುವ ಉದ್ದ ಕೋಲಿನ ಪೊರಕೆಯನ್ನು ಎರಡೂ ಕೈಯಲ್ಲಿ ಹಿಡಿದು ಗಾಳಿಯನ್ನು ಹಿಂದಕ್ಕೆ ತಳ್ಳುತ್ತ ಕೂತಿದ್ದೆ. ಆಗಲೇ ಹಾಲಿನ ಹುಡುಗ ಬಂದ. ಒಂದು ಗಳಿಗೆ ನೋಡಿದ. ದಿನವೂ ಕೈಗೆ ಕೊಡುವ ಪ್ಯಾಕೆಟ್ಟನ್ನು ಅವತ್ತು ಹೊಸ್ತಿಲ ಮೇಲಿಟ್ಟು, ಸದ್ದಾಗದಂತೆ ಗೇಟು ಹಾಕಿಕೊಂಡು ಹೋದ. ಒಳಗಿನಿಂದ ಬಂದ ನನ್ನ ಹೆಂಡತಿಗೆ ಅಷ್ಟು ನಯವಿಲ್ಲ. "ಹೇಗೂ ಕೋಲು ಹಿಡಿದಿದ್ದೀರಲ್ಲ, ಆ ಮೂಲೆಯಲ್ಲೂ ಬಲೆ ಕಟ್ಟಿದೆ ನೋಡಿ" ಎಂದಳು. ಮೂಲೆ ಯಾವುದೆಂದು ತಿರುಗಿದೆ. ಹಾಸಿಗೆಯೂ ನನ್ನ ಜೊತೆ ತಿರುಗಿತು. ಕಾಳಿ ನದಿಯಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಶಿವಮೊಗ್ಗದಲ್ಲಿ, ಒಂದು ಹನಿ ನೀರಿಲ್ಲದ ರೆಡ್ ಆಕ್ಸೈಡ್ ನೆಲದ ಮೇಲೆ, ನಾನು ಮೊದಲ ಸಲ ದೋಣಿಯಿಂದ ಬಿದ್ದೆ.

ಐವತ್ತೇಳರ ವಯಸ್ಸಿನಲ್ಲಿ ಖಜಾನೆ ಇಲಾಖೆಯ ನೌಕರನೊಬ್ಬ ಬೆಳಗ್ಗೆ ಬೆಳಗ್ಗೆ ಹೀಗೇಕೆ ಬೀಳಬೇಕು? ಅದಕ್ಕೆ ಸಂಕ್ರಾಂತಿಯಿಂದ ಶುರು ಮಾಡಬೇಕು. ಸಂಕ್ರಾಂತಿಗೂ ಮೊದಲು ನನ್ನ ಒಂದು ಚಟದ ವಿಷಯ ಹೇಳಿಬಿಡುತ್ತೇನೆ. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ನನ್ನ ಹೊಟ್ಟೆಯೊಳಗೆ ಇನ್ನೊಂದು ಫ್ಯಾನು ತಿರುಗತೊಡಗುತ್ತದೆ. ಮನೆ ನನ್ನದೇ ಆಗಬೇಕೆಂದಿಲ್ಲ, ಬಿಲ್ಲು ನಾನೇ ಕಟ್ಟಬೇಕೆಂದೂ ಇಲ್ಲ. ಒಮ್ಮೆ ಮದುವೆ ಛತ್ರದಲ್ಲಿ ಕೈ ತೊಳೆದು ಬರುವಾಗ ಅಭ್ಯಾಸಬಲದಿಂದ ಊಟದ ಹಾಲಿನ ದೀಪಗಳನ್ನೆಲ್ಲ ಆರಿಸಿಬಿಟ್ಟಿದ್ದೆ. ಹೋಳಿಗೆಗೆ ಕಾಯುತ್ತಿದ್ದ ಒಂದಿಡೀ ಪಂಕ್ತಿ ಕತ್ತಲಲ್ಲಿ ಕೂತಿತ್ತು. ಅಂದಿನಿಂದ ಬೆಂಗಳೂರಿನ ಸೋದರಳಿಯನ ಬಾಯಲ್ಲಿ ನಾನು ಸ್ವಿಚ್ಚು ಮಾವ.

ಆ ಸೋದರಳಿಯನೇ ಸಂಕ್ರಾಂತಿಗೆ ಬಂದವನು, ಎಳ್ಳುಬೆಲ್ಲ ಬಾಯಲ್ಲಿಟ್ಟುಕೊಂಡು, "ಮಾವ, ಈ ಸಲ ರಾಫ್ಟಿಂಗ್ ಹೋಗೋಣ" ಎಂದ. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡಬೇಕಲ್ಲ, ನಾನು "ಆಗಲಿ" ಎಂದೆ. ಹೊಳೆ ಎಂದರೆ ನನಗೆ ಪ್ರೀತಿಯೇ. ತುಂಗೆಯ ದಡದಲ್ಲಿ ಬೆಳೆದವನು. ಆದರೆ ಈಜು ಮಾತ್ರ ಬಾರದು. "ಈಜು ಬರುವವರೇ ಮುಳುಗೋದು, ಬಾರದವರು ನೀರಿಗೇ ಇಳಿಯಲ್ಲ" ಎನ್ನುವುದು ನಮ್ಮಮ್ಮನ ಸಿದ್ಧಾಂತವಾಗಿತ್ತು. ಅದರಲ್ಲಿ ತಪ್ಪು ಹುಡುಕಲು ನನಗೆ ಇವತ್ತಿಗೂ ಆಗಿಲ್ಲ.

ಅವನ ಮೊದಲ ಆಸೆ ಕಯಾಕಿನದು. ಒಬ್ಬರೇ ಕೂರುವ ಬಾಳೆಕಾಯಿಯಂಥ ದೋಣಿ ಅದು. ಮಗುಚಿಕೊಂಡರೆ ನೀರಿನೊಳಗೆ ತಲೆಕೆಳಗಾಗಿ ನೇತಾಡುತ್ತಲೇ, ಹುಟ್ಟನ್ನು ಬೀಸಿ, ಸೊಂಟವನ್ನು ಪಟ್ಟನೆ ಕೊಡವಿ ಮೇಲೇಳಬೇಕಂತೆ. ಸೊಂಟ ಎಂಬ ಪದ ಕಿವಿಗೆ ಬಿದ್ದೊಡನೆ ಎದುರುಮನೆಯ ಗಣಿತ ಮೇಷ್ಟ್ರು ಪ್ರಸ್ತಾವವನ್ನು ತಿರಸ್ಕರಿಸಿದರು. ಅವರ ಸೊಂಟಕ್ಕೆ ಹೋದ ವರ್ಷವಷ್ಟೇ ಬೆಲ್ಟು ಬಂದಿದೆ. ಆರೆಂಟು ಜನ ಕೂರುವ ರಬ್ಬರ್ ದೋಣಿಯೇ ಸರಿ ಎಂದಾಯಿತು. ಮುಳುಗಿದರೂ ಮಾತಿಗೆ ಜನ ಇರುತ್ತಾರೆ.

ಮೇಷ್ಟ್ರು ನಿವೃತ್ತರಾಗಿ ಆರು ತಿಂಗಳು. ಅಷ್ಟೂ ದಿನ ಯೋಜಿಸಲು ಏನೂ ಸಿಗದೆ ಸೊರಗಿದ್ದರು. ಅವರಿಗೆ ಈ ಪ್ರವಾಸ ಸಿಕ್ಕಿದ್ದು, ಬೇಸಿಗೆಯ ಎಮ್ಮೆಗೆ ಕೆರೆ ಸಿಕ್ಕ ಹಾಗಾಯಿತು. ಇನ್ನೂರು ಪುಟದ ಹೊಸ ನೋಟ್‌ಬುಕ್ ತಂದರು. ಮೊದಲ ಪುಟದಲ್ಲಿ ಅರಿಸಿನ ಕುಂಕುಮ. ಎರಡನೆಯ ಪುಟದಲ್ಲಿ ಮೂರು ನದಿಗಳ ಹೆಸರು.

ಒಂದನೆಯದು ಗಂಗೆ. ಋಷಿಕೇಶದ ಮೇಲಿನ ಶಿವಪುರಿಯಿಂದ ದೋಣಿ ಬಿಟ್ಟರೆ ಋಷಿಕೇಶಕ್ಕೆ ಸುಮಾರು 16 ಕಿಲೋಮೀಟರು. ಪುಣ್ಯವೂ ಬಂತು, ಪ್ರವಾಸವೂ ಆಯಿತು. ಆದರೆ ಅಲ್ಲಿನ ಒಂದು ರಭಸದ ಇಳಿಜಾರಿಗೆ, ರಾಪಿಡ್ ಎನ್ನುತ್ತಾರಲ್ಲ ಅದಕ್ಕೆ, 'ರಿಟರ್ನ್ ಟು ಸೆಂಡರ್' ಎಂದು ಹೆಸರಿದೆ ಎಂದು ತಿಳಿದ ಮೇಲೆ ನನ್ನ ಉತ್ಸಾಹ ಇಳಿಯಿತು. ಮೂವತ್ತು ವರ್ಷದಿಂದ ಬಿಲ್ಲುಗಳನ್ನು 'ಆಕ್ಷೇಪಣೆಯೊಂದಿಗೆ ಹಿಂದಿರುಗಿಸಿದೆ' ಎಂದು ಬರೆದು ಕಳಿಸಿದ ಪಾಪ ನನ್ನ ಹೆಸರಲ್ಲಿದೆ. ಗಂಗೆ ಅದನ್ನು ತೊಳೆಯುತ್ತಾಳೋ ತೀರಿಸಿಕೊಳ್ಳುತ್ತಾಳೋ ಹೇಳುವವರು ಯಾರು? ಮೇಲಾಗಿ, ಎವರೆಸ್ಟ್ ಹತ್ತಿದ ಹಿಲರಿ 1977ರಲ್ಲಿ ಸಮುದ್ರದಿಂದ ಹೊರಟು ಜೆಟ್ ದೋಣಿಗಳಲ್ಲಿ ಗಂಗೆಯನ್ನೇ ಏರುತ್ತ ಹೋದವರು, ನಂದಪ್ರಯಾಗದ ಹತ್ತಿರ ಒಂದು ಜಲಪಾತ ಅಡ್ಡ ಬಂದು ದೋಣಿ ಬಿಟ್ಟಿಳಿದು ನಡೆಯಬೇಕಾಯಿತು. ಹಿಲರಿಗೇ ಹಾಗಾದರೆ ಫಸ್ಟ್ ಡಿವಿಷನ್ ಗುಮಾಸ್ತನಾಗಿ ಸೇರಿದವನ ಗತಿಯೇನು?

ಎರಡನೆಯದು ದಕ್ಷಿಣ ಕೊಡಗಿನ ಬರಪೊಳೆ. ಮಳೆಗಾಲದಲ್ಲಷ್ಟೇ ಅಲ್ಲಿ ದೋಣಿ. ಕಾಫಿ ತೋಟದ ಕೆಸರಿನಲ್ಲಿ ಜೀಪು ಹತ್ತಿ ಹೋಗಬೇಕು. ಅಲ್ಲಿಯೂ ರಾಪಿಡ್ಡುಗಳಿಗೆ ನಾಮಕರಣವಾಗಿದೆ, ಮೊದಲನೆಯದರ ಹೆಸರು 'ಮಾರ್ನಿಂಗ್ ಕಾಫಿ'. ಇದು ಕೇಳಲು ಹಿತವಾಗಿತ್ತು. ಕೊಡಗಿನ ಹೊಳೆಗೆ ಮರ್ಯಾದೆ ಗೊತ್ತು, ಬಂದವರಿಗೆ ಮೊದಲು ಕಾಫಿ ಕೊಡುತ್ತದೆ. ಆದರೆ ಕಾಫಿಯ ಮುಂದೆ 'ವಿಕೆಡ್ ವಿಚ್' ಎಂಬ ಕೆಟ್ಟ ಮಾಟಗಾತಿಯೂ, ಕಡೆಗೆ 'ಬಿಗ್ ಬ್ಯಾಂಗ್' ಎಂಬ ಮಹಾಸ್ಫೋಟವೂ ಇದ್ದವು. ಸೃಷ್ಟಿಯ ಆರಂಭದಲ್ಲಿ ನಮ್ಮ ಅಂತ್ಯ ಬೇಡವೆಂದು ಮೇಷ್ಟ್ರು ಆ ಸಾಲಿಗೂ ಗೀಟು ಹಾಕಿದರು.

ಉಳಿದದ್ದು ಉತ್ತರ ಕನ್ನಡದ ಕಾಳಿ. ಜೋಯಿಡಾದ ಕಾಡಿನಲ್ಲಿ ಹುಟ್ಟಿ, 184 ಕಿಲೋಮೀಟರ್ ಹರಿದು, ಕಾರವಾರದಲ್ಲಿ ಸಮುದ್ರ ಸೇರುವ ಹೊಳೆ. ದಾಂಡೇಲಿಯ ಆಚೆ ಗಣೇಶಗುಡಿಯಲ್ಲಿ ದೋಣಿ ಹತ್ತಿದರೆ ಸುಮಾರು 9 ಕಿಲೋಮೀಟರ್ ಸವಾರಿ. ಗಣೇಶಗುಡಿ ಎಂಬ ಹೆಸರೇ ಅಭಯಹಸ್ತದಂತಿತ್ತು. ನದಿಯ ಹೆಸರು ಕಾಳಿ ಎಂಬುದನ್ನು ನಾವು ದೊಡ್ಡದು ಮಾಡಲಿಲ್ಲ.

ಈ ಕಾಳಿಯ ಸ್ವಭಾವ ಬೇರೆ ಹೊಳೆಗಳಂತಲ್ಲ. ಬರಪೊಳೆ ಆಕಾಶ ನೋಡಿ ಉಬ್ಬುತ್ತದೆ, ಗಂಗೆ ಹಿಮ ನೋಡಿ ಉಬ್ಬುತ್ತಾಳೆ. ಗಣೇಶಗುಡಿಯ ಕಾಳಿ ಬೆಂಗಳೂರಿನ ಫೋನಿಗೆ ಕಾಯುತ್ತದೆ. ಯಾಕೆಂದರೆ ಅಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟೆ ನಿಂತಿದೆ, ಅದರ ಬುಡದಲ್ಲಿ 50 ಮೆಗಾವಾಟಿನ ಎರಡು ಯಂತ್ರಗಳಿವೆ. ನಾಡಿನಲ್ಲಿ ಕರೆಂಟಿನ ಬೇಡಿಕೆ ಏರಿದಾಗ ಬೆಂಗಳೂರಿನ ಲೋಡ್ ಡಿಸ್‌ಪ್ಯಾಚ್ ಕೇಂದ್ರದಿಂದ ಅಪ್ಪಣೆ ಬರುತ್ತದೆ, ನೀರು ಒಳನುಗ್ಗಿ ಯಂತ್ರ ತಿರುಗಿಸಿ ಹೊರಬೀಳುತ್ತದೆ. ಹಾಗೆ ಹೊರಬಿದ್ದ ನೀರೇ ಕೆಳಗಿನ ಬಂಡೆಗಳ ಮೇಲೆ ಎಗರಿ ಬೆಳ್ಳಗೆ ನೊರೆಯಾಗುವುದು. ಅಂದರೆ ನಾವು ದೋಣಿ ಬಿಡುವುದು ಡ್ಯೂಟಿ ಮುಗಿಸಿ ಮನೆಗೆ ಓಡುತ್ತಿರುವ ನೀರಿನ ಮೇಲೆ. ಸಂಜೆ ಐದೂವರೆಯ ಖಜಾನೆ ಕಚೇರಿಯ ಮೆಟ್ಟಿಲು ನೋಡಿದವರಿಗೆ ಆ ರಭಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೇಷ್ಟ್ರು ನೋಟ್‌ಬುಕ್ಕಿನ ನಾಲ್ಕನೆಯ ಪುಟದಲ್ಲಿ ರಾಪಿಡ್ಡುಗಳ ದರ್ಜೆ ಬರೆದುಕೊಂಡಿದ್ದರು. ಲೋಕದ ಎಲ್ಲ ನದಿಗಳಿಗೂ ಒಂದರಿಂದ ಆರರವರೆಗೆ ದರ್ಜೆ. ನನಗೆ ಅರ್ಥವಾಗಲೆಂದು ಅದನ್ನು ರಸ್ತೆಯ ಭಾಷೆಗೆ ಇಳಿಸಿದರು. ಒಂದು ಎಂದರೆ ಚುನಾವಣೆಗೆ ಮುಂಚೆ ಹಾಕಿದ ಡಾಂಬರು. ಎರಡು, ಅದೇ ರಸ್ತೆ ಚುನಾವಣೆ ಮುಗಿದ ವರ್ಷ. ಮೂರಕ್ಕೆ ಹೊಂಡಗಳ ಹೆಸರು ಬಲ್ಲ ಡ್ರೈವರು ಬೇಕು. ನಾಲ್ಕು, ಜುಲೈ ತಿಂಗಳ ಶಿರಾಡಿ ಘಾಟಿ, ಬಸ್ಸಿನ ಕಡೇ ಸೀಟು. ಐದು, ಅದೇ ಘಾಟಿ, ರಾತ್ರಿ, ಹೆಡ್‌ಲೈಟ್ ಇಲ್ಲ. ಆರಕ್ಕೆ ರಸ್ತೆಯೇ ಇಲ್ಲ, ಆದರೂ ಬಸ್ಸು ಹೊರಟಿದೆ. ಗಣೇಶಗುಡಿಯದು ಎರಡು, ಮೂರು. "ನಮ್ಮೂರಿನ ರಿಂಗ್ ರೋಡೇ ಅಂದುಕೊ ಮಾರಾಯ" ಎಂದು ಧೈರ್ಯ ಹೇಳಿದರು.

ಹೊಳೆಯನ್ನು ಓದುವುದಕ್ಕೂ ಒಂದು ವ್ಯಾಕರಣವಿದೆಯಂತೆ. ಇಂಗ್ಲಿಷಿನ ವಿ ಅಕ್ಷರದ ಹಾಗೆ ನೀರಿನ ಮೇಲೆ ಗೆರೆ ಕಾಣುತ್ತದೆ. ಅದರ ಚೂಪು ಕೆಳಗಿನ ದಿಕ್ಕಿಗಿದ್ದರೆ ಅಲ್ಲಿ ದಾರಿ. ಚೂಪು ನಮ್ಮ ಕಡೆಗೇ ತಿರುಗಿದ್ದರೆ ಅದರಡಿ ಬಂಡೆ. ದೊಡ್ಡ ಬಂಡೆಯ ಬೆನ್ನಿಗೆ ನೀರು ಹಿಮ್ಮುಖವಾಗಿ ಸುತ್ತಿ ಸುಮ್ಮನಾಗುತ್ತದೆ. ಅಲ್ಲಿ ದೋಣಿ ನಿಲ್ಲಿಸಿ ಉಸಿರಾಡಬಹುದು. ಪ್ರತಿ ಕಚೇರಿಯಲ್ಲೂ ಬೀರುವಿನ ಹಿಂದೆ ಅಂಥದೊಂದು ಜಾಗವಿರುತ್ತದೆ, ನಾನು ಬಲ್ಲೆ. ನೀರು ಬಂಡೆ ಹತ್ತಿಳಿದು ಮತ್ತೆ ತನ್ನೊಳಗೇ ಮಗುಚಿ ಸುತ್ತುವ ಗುಂಡಿಯೂ ಇರುತ್ತದೆ. ಅಲ್ಲಿ ಸಿಕ್ಕಿದ್ದು ಬೇಗ ಬಿಡುಗಡೆಯಾಗದು. ಪೆನ್ಷನ್ ಫೈಲಿನ ಹಾಗೆ. ಎಲ್ಲಕ್ಕಿಂತ ಕೆಟ್ಟದ್ದು ಹೊಳೆಗೆ ಅಡ್ಡ ಬಿದ್ದ ಮರ. ಕೊಂಬೆಗಳ ನಡುವೆ ನೀರು ತೂರಿಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ. ಕಾಫಿ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿದು ಗಸಿ ಉಳಿದಂತೆ. "ಅಲ್ಲಿ ನಾವೇ ಗಸಿ" ಎಂದರು ಮೇಷ್ಟ್ರು.

ಹಾಗೆ ನೋಡಿದರೆ ನಮ್ಮವರಿಗೆ ಇದೆಲ್ಲ ಹೊಸತೇ? ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯಿಸ್ ಇಲ್ಲಿನ ಜನ ಬುಟ್ಟಿಯಂಥ ದುಂಡು ದೋಣಿಯಲ್ಲಿ ಹೊಳೆ ದಾಟುವುದನ್ನು ನೋಡಿ ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ. ಹದಿನೈದಿಪ್ಪತ್ತು ಜನ ಹಿಡಿಯುತ್ತಾರೆ, ಬೇಕೆಂದರೆ ಕುದುರೆ ಎತ್ತುಗಳೂ ದಾಟುತ್ತವೆ. ನಮ್ಮ ಹರಿಗೋಲು! ಕುದುರೆಗೆ ಯಾರೂ ಹೆಲ್ಮೆಟ್ ಹಾಕಿದಂತೆ ಕಾಣೆ. ಅಂಬಿಗನೊಬ್ಬ ಚೌಡಯ್ಯನಾಗಿ ವಚನ ಬರೆದ ನಾಡು ಇದು. ಆದರೆ ಹೊಳೆ ದಾಟಿದ ಮೇಲೆ ಅಂಬಿಗನನ್ನು ಏನೆಂದು ಕರೆಯುತ್ತೇವೆ ಎಂಬ ಗಾದೆಯನ್ನೂ ನಾವೇ ಕಟ್ಟಿದ್ದೇವೆ. ಅದನ್ನು ಪೂರ್ತಿ ಬರೆಯುವಂತಿಲ್ಲ, ನಿಮಗೆ ಗೊತ್ತಿರುತ್ತದೆ.

ಯೋಜನೆ ಪುಟದಿಂದ ಪುಟಕ್ಕೆ ಬೆಳೆಯಿತು. ಹತ್ತಿ ಬಟ್ಟೆ ಬೇಡ, ನೆನೆದರೆ ಭಾರ. ಹವಾಯಿ ಚಪ್ಪಲಿ ಬೇಡ, ಹೊಳೆ ಕೇಳುತ್ತದೆ. ಕನ್ನಡಕಕ್ಕೆ ದಾರ ಕಟ್ಟಬೇಕು. ದಾರಕ್ಕೆ ಮನೆಯೆಲ್ಲ ಹುಡುಕಿ ಕಡೆಗೆ ಹೊಸ ಉಡಿದಾರವೊಂದನ್ನು ಬಳಸಿದೆ. ನನ್ನ ಹೆಂಡತಿಯ ಪಟ್ಟಿ ಬೇರೆಯೇ ಇತ್ತು: ಚಕ್ಕುಲಿ, ಅವಲಕ್ಕಿ ಚೂಡ, ಉಪ್ಪಿನಕಾಯಿ, ಅಮೃತಾಂಜನ. "ನೀರಿಗೆ ಬಿದ್ದರೆ ಚಕ್ಕುಲಿ ಮೆತ್ತಗಾಗುತ್ತೆ, ಡಬ್ಬಿ ಕಾರಲ್ಲೇ ಇಡಿ" ಎಂದಳು. ಗಂಡ ಮೆತ್ತಗಾಗುವ ವಿಷಯ ಬರಲಿಲ್ಲ. ಡಾಕ್ಟರು ಬಿಪಿ ನೋಡಿ, ನನ್ನ ಮುಖವನ್ನೂ ನೋಡಿ, "ಹೋಗಿಬನ್ನಿ" ಎಂದರು. ಆ ಮಾತಿನಲ್ಲಿ 'ಬನ್ನಿ' ಸ್ವಲ್ಪ ಮೆಲ್ಲಗೆ ಕೇಳಿಸಿತು. ರಜೆಯ ಅರ್ಜಿಯಲ್ಲಿ ಕಾರಣ ಏನು ಬರೆಯುವುದೆಂದು ಅರ್ಧ ದಿನ ಯೋಚಿಸಿ 'ಸ್ವಂತ ಕೆಲಸ' ಎಂದು ಬರೆದೆ.

ಏಪ್ರಿಲ್ ಎರಡನೆಯ ವಾರ ಹೊರಟೆವು. ಸಾಗರ, ಸಿರ್ಸಿ, ಯಲ್ಲಾಪುರ ದಾಟಿ ದಾಂಡೇಲಿ ಮುಟ್ಟುವಷ್ಟರಲ್ಲಿ ಕಪ್ಪು ಮೋಡ, ಗುಡುಗು. ರಾತ್ರಿಯಿಡೀ ಧೋ ಎಂದು ಮಳೆ. ನೆನೆದ ನೆಲದ ವಾಸನೆ ಹೀರುತ್ತ ಮೇಷ್ಟ್ರು, "ಮಳೆ ಬಂತಲ್ಲ, ನಾಳೆ ಹೊಳೆ ಜೋರಿರುತ್ತೆ" ಎಂದು ಲೆಕ್ಕ ಹಾಕಿ ನೆಮ್ಮದಿಯಾಗಿ ಮಲಗಿದರು. ಮೂರು ತಿಂಗಳ ಯೋಜನೆಯಲ್ಲಿ ಅವರ ಗಣಿತ ತಪ್ಪಿದ್ದು ಅದೊಂದೇ ಕಡೆ.

ಬೆಳಗ್ಗೆ ಗಣೇಶಗುಡಿಯ ದಡದಲ್ಲಿ ಹೋಗಿ ನಿಂತರೆ, ಹೊಳೆಯ ತುಂಬ ಬರೀ ಬಂಡೆ. ನಡುನಡುವೆ ಅಲ್ಲಲ್ಲಿ ನೀರು ನಿಂತಿತ್ತು, ಪರೀಕ್ಷೆಯಲ್ಲಿ ಬಿಟ್ಟ ಸ್ಥಳದಂತೆ. ರಬ್ಬರ್ ದೋಣಿಗಳು ಮರದ ಕೆಳಗೆ ಬೋರಲು ಮಲಗಿದ್ದವು. ನಮ್ಮ ಗೈಡು ನೇಪಾಳದ ಹುಡುಗ, ಹಿಂದಿ ಕನ್ನಡ ಎರಡನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಬಡಿಸುವವನು. "ಪಾನಿ ಬಿಟ್ಟಿಲ್ಲ ಸಾಬ್" ಎಂದ. ಅಷ್ಟು ಮಳೆ ಬಂದಿದೆಯಲ್ಲ ಎಂದರೆ ನಕ್ಕ. ಚಹಾದಂಗಡಿಯವರು ಬಿಡಿಸಿ ಹೇಳಿದರು: "ಮಳೆ ಬಂದದ್ದಕ್ಕೇ ನೀರಿಲ್ಲ ನೋಡಿ. ರೈತರು ಪಂಪ್‌ಸೆಟ್ ನಿಲ್ಲಿಸಿರ್ತಾರೆ, ಪ್ಯಾಟಿ ಮಂದಿ ಫ್ಯಾನು ಎಸಿ ಆರಿಸಿರ್ತಾರೆ. ಕರೆಂಟು ಬ್ಯಾಡ ಅಂದ್ರೆ ಇಲ್ಲಿ ಯಂತ್ರ ಯಾಕೆ ತಿರುಗಿಸ್ತಾರೆ?"

ನಾನು ಚಹಾದ ಲೋಟ ಹಿಡಿದು ಕಲ್ಲಿನ ಮೇಲೆ ಕೂತೆ. ಸೋದರಳಿಯ ನನ್ನನ್ನೇ ನೋಡುತ್ತಿದ್ದ. "ಮಾವ, ನಿಮ್ಮಂಥವರಿಂದಲೇ ಹೊಳೆ ಬತ್ತಿದ್ದು" ಎಂದ. ಮೂವತ್ತು ವರ್ಷ ಊರವರ ದೀಪ ಆರಿಸಿದ ಕೈಯನ್ನು ಒಮ್ಮೆ ನೋಡಿಕೊಂಡೆ. ಆಮೇಲೆ ಯಾರಿಗೂ ಕೇಳಿಸದಂತೆ ಮರದ ಹಿಂದೆ ಹೋಗಿ ಮನೆಗೆ ಫೋನ್ ಮಾಡಿದೆ.

"ಗೀಸರ್ ಹಾಕಿದೀಯೇನೇ?"

"ಇಲ್ರೀ, ಯಾಕೆ? ನೀವು ಹೇಳಿದ ಹಾಗೇ ಐದೇ ನಿಮಿಷ ಹಾಕಿ ಆರಿಸ್ತಿದೀನಿ."

"ಹಾಕು. ಗ್ರೈಂಡರೂ ಹಾಕು. ಇಸ್ತ್ರಿ ಪೆಟ್ಟಿಗೆ ಕೂಡ."

ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದಲ್ಲಿ ನನ್ನ ಬಾಯಿಂದ ಬರದಿದ್ದ ಮಾತು. "ರೀ, ತಲೆಗೆ ಏನಾದ್ರೂ ಪೆಟ್ಟು ಬಿತ್ತಾ?" ಎಂದಳು. ವಿಷಯ ವಿವರಿಸಿದೆ. ಆಕೆ ನಕ್ಕ ನಗು ಮರದಾಚೆಗೂ ಕೇಳಿಸಿರಬೇಕು. "ನಿಮ್ಮ ಹೊಳೆ ಹರೀಲಿ ಅಂತ ನಾನು ಇಡ್ಲಿಗೆ ರುಬ್ಬಬೇಕೇನ್ರೀ? ರುಬ್ಬೋಣ ಅಂದ್ರೂ ರಾತ್ರಿ ಗಾಳಿಮಳೆಗೆ ಇಲ್ಲಿ ಕರೆಂಟೇ ಇಲ್ಲ."

ಮಧ್ಯಾಹ್ನದ ಹೊತ್ತಿಗೆ ಬಿಸಿಲು ಬಂತು. ಸೆಕೆ ಬಂತು. ನಾಡಿನ ಯಾವ ಪುಣ್ಯಾತ್ಮರು ಎಲ್ಲೆಲ್ಲಿ ಫ್ಯಾನು ಹಾಕಿದರೋ, ಮೇಲಿನಿಂದ ಒಂದು ಸದ್ದು ಕೇಳಿತು, ದೂರದಲ್ಲಿ ರೈಲು ಸೇತುವೆ ದಾಟುವ ಹಾಗೆ. ನೋಡುತ್ತಿದ್ದಂತೆ ಬಂಡೆಗಳು ಒಂದೊಂದಾಗಿ ಮುಳುಗಿದವು. ಗೈಡು ಸಿಳ್ಳೆ ಹಾಕಿದ.

ಮೊದಲು ಒಂದು ಕಾಗದಕ್ಕೆ ಸಹಿ. ಏನಾದರೂ ಆದರೆ ಹೊಣೆ ನಮ್ಮದೇ ಎಂಬ ಮುಚ್ಚಳಿಕೆ. ಎಲ್ಲರೂ ಓದದೆ ಸಹಿ ಮಾಡಿದರು. ನಾನು ವೃತ್ತಿಧರ್ಮ ಬಿಡದೆ ಪೂರ್ತಿ ಓದಿದೆ. ಓದಬಾರದಿತ್ತು. ಆಮೇಲೆ ಲೈಫ್ ಜಾಕೆಟ್ಟನ್ನು ಉಸಿರು ಸಿಕ್ಕಿಕೊಳ್ಳುವಷ್ಟು ಬಿಗಿದು, ಹೆಲ್ಮೆಟ್ ಇಟ್ಟು, ದಡದಲ್ಲೇ ಪಾಠ. 'ಫಾರ್ವರ್ಡ್' ಎಂದರೆ ಮುಂದಕ್ಕೆ ಹುಟ್ಟು ಹಾಕುವುದು, 'ಬ್ಯಾಕ್' ಎಂದರೆ ಹಿಂದಕ್ಕೆ, 'ಗೆಟ್ ಡೌನ್' ಎಂದರೆ ದೋಣಿಯೊಳಗೆ ಕುಕ್ಕರಿಸುವುದು. ಎಡಬಲದ ಗೊಂದಲಕ್ಕೆ ಮೇಷ್ಟ್ರು 'ಊಟದ ಕೈ, ನೀರಿನ ಕೈ' ಎಂದು ಪರಿಹಾರ ಕೊಟ್ಟರು. ಕೊನೆಯ ಪಾಠವನ್ನು ಹುಡುಗ ಮೂರು ಸಲ ಹೇಳಿದ. ನೀರಿಗೆ ಬಿದ್ದರೆ ಎದ್ದು ನಿಲ್ಲಬೇಡಿ. ಕಾಲು ಬಂಡೆಗಳ ಸಂದಿಗೆ ಸಿಕ್ಕಿದರೆ ನೀರು ಮೇಲಿನಿಂದ ಒತ್ತಿ ಮಡಚಿಬಿಡುತ್ತದೆ. ಅಂಗಾತ ಮಲಗಿ, ಕಾಲು ಮುಂದೆ ಮಾಡಿ, ಹೆಬ್ಬೆರಳು ನೀರಿನ ಮೇಲೆ ಕಾಣುವಂತೆ ಇಟ್ಟು, ಹೊಳೆ ಒಯ್ದ ಕಡೆ ಹೋಗಿ.

ಹುಟ್ಟಿದಂದಿನಿಂದ ಎಲ್ಲರೂ ಹೇಳಿಕೊಟ್ಟದ್ದು ಸ್ವಂತ ಕಾಲ ಮೇಲೆ ನಿಲ್ಲು ಎಂದು. ಇಲ್ಲಿ ಬಂದು ಕಲಿತದ್ದು ನಿಂತರೆ ಕೆಟ್ಟೆ ಎಂದು.

ಮೊದಲ ಎರಡು ರಾಪಿಡ್ಡುಗಳಲ್ಲಿ ನಮ್ಮ ದಿವಾನದ ತಾಲೀಮು ಉಪಯೋಗಕ್ಕೆ ಬಂತು. ಮೂರನೆಯದರ ನೆತ್ತಿಯಲ್ಲಿ ದೋಣಿ ಒಮ್ಮೆ ನಿಂತಂತಾಯಿತು. ಕೆಳಗೆ ಬೆಳ್ಳಗೆ ಕುದಿಯುವ ಹಳ್ಳ. 'ಲೆಫ್ಟ್ ಬ್ಯಾಕ್' ಎಂದು ಕೂಗು. ನೀರಿನ ಕೈಯೋ ಊಟದ ಕೈಯೋ ಎಂದು ನಾನು ತೀರ್ಮಾನಿಸುವಷ್ಟರಲ್ಲಿ ನೀರೇ ನನ್ನನ್ನು ಊಟ ಮಾಡಿತ್ತು. ಮೂಗು, ಕಿವಿ, ಬಾಯಿ ಎಲ್ಲಕ್ಕೂ ಕಾಳಿ. ಮೇಲೆ ಬಂದೊಡನೆ ನಿಲ್ಲಲು ಕಾಲು ತಾನಾಗಿ ನೆಲ ಹುಡುಕಿತು. ಆಗ ಎಲ್ಲಿಂದಲೋ ಮೇಷ್ಟ್ರ ತರಗತಿಯ ಧ್ವನಿ: "ನಿಲ್ಲಬೇಡ್ವೋ! ಮಲಕ್ಕೋ!"

ಮಲಗಿದೆ. ಕಾಲು ಮುಂದೆ, ಮುಖ ಆಕಾಶಕ್ಕೆ. ಎಷ್ಟು ಹೊತ್ತೋ, ಹತ್ತು ಸೆಕೆಂಡಿರಬಹುದು. ಎರಡೂ ದಡದ ಮರಗಳು ಹಿಂದಕ್ಕೆ ಹೋಗುತ್ತಿದ್ದವು. ಆರಿಸಲು ಒಂದೂ ಸ್ವಿಚ್ಚು ಕಾಣಲಿಲ್ಲ. ಆಮೇಲೆ ಹಗ್ಗದ ಚೀಲವೊಂದು ಹಾರಿ ಬಂದು ಎದೆಯ ಮೇಲೆ ಬಿತ್ತು, ಜಾಕೆಟ್ಟಿನ ಹೆಗಲು ಹಿಡಿದು ರೇಷನ್ ಅಕ್ಕಿಯ ಮೂಟೆಯಂತೆ ನನ್ನನ್ನು ದೋಣಿಗೆ ಎಳೆದುಹಾಕಿದರು. ಕನ್ನಡಕ ಉಡಿದಾರದ ಸಮೇತ ಕೊರಳಲ್ಲೇ ಇತ್ತು.

ರಭಸ ಮುಗಿದ ಮೇಲೆ ಹೊಳೆ ಅಗಲವಾಗಿ ತಣ್ಣಗಾಯಿತು. ಮಂಗಟ್ಟೆ ಹಕ್ಕಿಯೊಂದು ರೆಕ್ಕೆ ಬೀಸುವ ಸದ್ದು ನೀರಿನ ಮೇಲೆ ಕೇಳುತ್ತಿತ್ತು. ಯಾರೂ ಹುಟ್ಟು ಹಾಕುತ್ತಿರಲಿಲ್ಲ. ಹಿಂದಿರುಗಿ ನೋಡಿದೆ. ತಿರುವುಗಳಾಚೆ ಎಲ್ಲೋ ಆ ಕಟ್ಟೆ, ಕಟ್ಟೆಯ ಹಿಂದಿನ ನೀರಿನಡಿ ಸೂಪಾ ಎಂಬ ಊರು. ಜೋಯಿಡಾ ತಾಲ್ಲೂಕಿಗೆ ಒಂದು ಕಾಲಕ್ಕೆ ಆ ಊರಿನದೇ ಹೆಸರಿತ್ತು. ಜನ ಎದ್ದು ರಾಮನಗರದ ಕಡೆಗೆ ಹೋದರು, ಹೆಸರು ಅಣೆಕಟ್ಟೆಗೆ ಉಳಿಯಿತು. ನನ್ನ ಬಿಲ್ಲಿನ ಮೇಲೆ ಯೂನಿಟ್ಟು, ದರ, ಬಾಕಿ ಎಲ್ಲ ಇರುತ್ತದೆ. ಇಷ್ಟು ವರ್ಷ ಒಂದೊಂದು ಪೈಸೆ ತಾಳೆ ನೋಡಿದವನಿಗೆ ಸ್ವಿಚ್ಚಿನ ಆ ತುದಿಯಲ್ಲಿ ಯಾರದೋ ಅಡಿಗೆಮನೆ, ತುಳಸಿಕಟ್ಟೆ ಮುಳುಗಿದೆ ಎಂಬುದು ಹೊಳೆದಿರಲಿಲ್ಲ. ಹೊಳೆಯಲು ಹೊಳೆಗೇ ಬೀಳಬೇಕಾಯಿತು. ಮಾತಾಡದೆ ಕೂತಿದ್ದ ನನಗೆ ಸೋದರಳಿಯ, "ಚಳಿಯಾಗ್ತಿದೆಯಾ ಮಾವ?" ಎಂದ. ಹೌದೆಂದೆ.

ಮನೆಗೆ ಬಂದು ಮೂರು ದಿನ ಅಮೃತಾಂಜನದ ವಾಸನೆಯಲ್ಲೇ ಕಳೆದೆ. ಮೇಷ್ಟ್ರು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ 'ತಿದ್ದುಪಡಿ: ಮಳೆ ಬಂದರೆ ನೀರಿಲ್ಲ' ಎಂದು ಕೆಂಪು ಶಾಯಿಯಲ್ಲಿ ಬರೆದು ಮುಚ್ಚಿದರು. ಹಾಲಿನ ಹುಡುಗ ಈಗ ಮತ್ತೆ ಕೈಗೇ ಪ್ಯಾಕೆಟ್ ಕೊಡುತ್ತಾನೆ.

ನಾಲ್ಕನೆಯ ರಾತ್ರಿ ಬಚ್ಚಲುಮನೆಯ ದೀಪ ಯಾರಿಗೂ ಬೇಡದೆ ಉರಿಯುತ್ತಿತ್ತು. ಎದ್ದು ಹೋಗಿ ಸ್ವಿಚ್ಚಿಗೆ ಕೈ ಹಾಕಿದೆ. ಒಳಗಿನಿಂದ ಹೆಂಡತಿ ಕೂಗಿದಳು: "ಇರಲಿ ಬಿಡ್ರೀ. ಪಾಪ, ಗಣೇಶಗುಡೀಲಿ ಯಾರೋ ದೋಣಿ ಹಿಡ್ಕೊಂಡು ಕಾಯ್ತಾ ಇರಬಹುದು."

ಕೈ ಹಾಗೇ ನಿಂತಿತು. ಗೋಡೆಯ ಗಡಿಯಾರ ನೋಡಿದೆ. ಒಂಬತ್ತೂವರೆ. ಈ ಹೊತ್ತಿನಲ್ಲಿ ಅಲ್ಲಿ ದೋಣಿ ಬಿಡುವುದಿಲ್ಲ.

ಆರಿಸಿದೆ.